ನಾದಿನಿಗೆ ಮಧ್ಯಾಹ್ನ ನಿದ್ದೆ ಬರುತ್ತದೆ

ಮಾರ್ಚ್ 3, ಸೋಮವಾರ

ಪ್ರೀತಿಯ ಅತ್ತೆಗೆ,

ಇಲ್ಲೊಂದು ಅನ್ಯಾಯ ನಡೆದಿದೆ. ನಮ್ಮ ಗೊಂಬೆ ಕಾರ್ಖಾನೆಯ ಮಾಲೀಕರು ಹನ್ನೊಂದು ಹೆಂಗಸರ ಕೆಲಸವನ್ನು ಕಿತ್ತು ಒಂದು ಕ್ಯಾಮೆರಾಕ್ಕೆ ಕೊಡಲು ಹೊರಟಿದ್ದಾರೆ. ಕ್ಷೇಮಸಮಾಚಾರ ಆಮೇಲೆ ಬರೆಯುತ್ತೇನೆ.

ನಾನು ಕರಡಿ ಗೊಂಬೆಗಳಿಗೆ ಕಣ್ಣು ಬಾಯಿ ಹೊಲಿಯುವವಳು, ಅದು ನಿನಗೆ ಗೊತ್ತು. ನಾನು ಹೊಲಿದದ್ದು ಚೆಕಿಂಗ್ ಟೇಬಲ್ಲಿಗೆ ಹೋಗುತ್ತದೆ. ಅಲ್ಲಿ ದೊಡ್ಡಕ್ಕ ಮತ್ತು ಅವಳ ಜೊತೆಯ ಹತ್ತು ಜನ ಪ್ರತಿ ಕರಡಿಯನ್ನೂ ತಿರುಗಿಸಿ ನೋಡಿ, ಕಣ್ಣು ಹಿಡಿದು ಎಳೆದು, ಕಿವಿ ಹಿಂಡಿ, ಆಮೇಲೆ ಪೆಟ್ಟಿಗೆಗೆ ಹಾಕುತ್ತಾರೆ. ಕಳೆದ ವಾರ ಆ ಟೇಬಲ್ಲಿನ ಮೇಲೆ ಒಂದು ಕಬ್ಬಿಣದ ಕಮಾನು ಎದ್ದಿತು. ಕಮಾನಿನಲ್ಲಿ ಕ್ಯಾಮೆರಾ, ಅದರ ಪಕ್ಕ ಎರಡು ದೀಪ. ಕರಡಿಯನ್ನು ಕೆಳಗಿಟ್ಟರೆ ಅದೇ ನೋಡಿ, ಒಳ್ಳೆಯದಾದರೆ ಹಸಿರು, ಕೆಟ್ಟದ್ದಾದರೆ ಕೆಂಪು ತೋರಿಸುತ್ತದೆ.

"ಇದಕ್ಕೆ ಬುದ್ಧಿ ಇದೆ, ಸಂಬಳ ಇಲ್ಲ!" ಎಂದು ಮಾಲೀಕರು ಕುರ್ಚಿ ಹತ್ತಿ ಭಾಷಣ ಮಾಡಿದರು.

"ಇವರದು ಅದರ ಉಲ್ಟಾ," ಎಂದಳು ದೊಡ್ಡಕ್ಕ, ಪಕ್ಕದವರಿಗಷ್ಟೇ ಕೇಳುವಂತೆ.

ಈಗ ಪರೀಕ್ಷೆ ನಡೆಯುತ್ತಿದೆ. ನಮ್ಮ ಗೊಂಬೆ ಕೊಳ್ಳುವ ಹೊರದೇಶದ ಬಯರ್ ಬಂದು ನೋಡಿ ಒಪ್ಪಿದರೆ ಹನ್ನೊಂದು ಜನವೂ ಮನೆಗೆ. ನಮ್ಮವರು ಆ ಯಂತ್ರಕ್ಕೆ 'ನಾದಿನಿ' ಎಂದು ಹೆಸರಿಟ್ಟಿದ್ದಾರೆ. ಬಂದು ಕೂತ ಗಳಿಗೆಯಿಂದ ಎಲ್ಲರ ಕೆಲಸದಲ್ಲೂ ಕೊಂಕು ತೆಗೆಯುತ್ತದೆ, ತಾನು ಮಾತ್ರ ಒಂದು ಕಡ್ಡಿ ಎತ್ತಿಡುವುದಿಲ್ಲ. ಇದನ್ನು ಕೇಳಿ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನನ್ನ ನಾದಿನೀನೂ ಥೇಟ್ ಹೀಗೇ ಇದ್ಲು ಕಣೇ," ಅಂದಳು. ಇದು ಅಮ್ಮನ ಮಾತು, ನನ್ನದಲ್ಲ.

ನೀನು ದೊಡ್ಡ ಊರಿನಲ್ಲಿ ಕಂಪ್ಯೂಟರ್ ಆಫೀಸರ್ ಆಗಿದ್ದೀಯ. ಇಂಥ ಯಂತ್ರದ ದೌರ್ಬಲ್ಯ ಏನೆಂದು ತಿಳಿಸು. ಫೋನ್ ಮಾಡಬೇಡ. ಫೋನುಗಳು ಮಾಲೀಕರ ಕಿವಿಗಳು ಎಂದು 'ಯಂತ್ರವೂ ಹೊಟ್ಟೆಯೂ' ಎಂಬ ಕಿರುಹೊತ್ತಗೆಯಲ್ಲಿ ಓದಿದ ದಿನವೇ ನನ್ನ ಫೋನನ್ನು ತ್ಯಜಿಸಿದೆ. ಈಗ ಅದರಲ್ಲಿ ಅಮ್ಮ ಹಾಡು ಕೇಳುತ್ತಿದ್ದಾಳೆ. ಆ ಹೊತ್ತಗೆ ರದ್ದಿ ಅಂಗಡಿಯಲ್ಲಿ ಸಿಕ್ಕಿತು. ಜಗತ್ತು ಹೇಗೆ ಹಾಳಾಗುತ್ತಿದೆ ಎಂದು ಪೂರ್ತಿ ವಿವರಿಸಿದೆ. ಕೊನೆಯ ಎರಡು ಹಾಳೆ ಮಾತ್ರ ಹರಿದುಹೋಗಿವೆ. ಪರಿಹಾರ ಅಲ್ಲೇ ಇತ್ತೆಂದು ಕಾಣುತ್ತದೆ.

ನಾವೆಲ್ಲ ಕ್ಷೇಮ.

ಇತಿ, ನಿನ್ನ ಅಣ್ಣನ ಮಗಳು


ಮಾರ್ಚ್ 10, ಸೋಮವಾರ

ನನ್ನ ಮೆಣಸಿನಕಾಯಿಗೆ,

ನಿನ್ನ ಪತ್ರ ಓದಿ ಎದೆ ಧಸಕ್ಕೆಂದಿತು. ಹನ್ನೊಂದು ಜನರ ವಿಷಯಕ್ಕೇ ಅಂದುಕೋ.

ಒಂದೆರಡು ವಿಷಯ ಸುಮ್ಮನೆ ಕೇಳುತ್ತೇನೆ. ಆ ಟೇಬಲ್ಲಿಗೆ ಹಸಿರು ಬಟ್ಟೆ ಹೊದಿಸಿದ್ದಾರೆಯೆ? ಎಡಗಡೆ ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ ಇಟ್ಟು ಸುಟ್ಟ ಗುರುತು ಇದೆಯೆ? ಕರಡಿಯನ್ನು ತಂದಿಡುವವರಲ್ಲಿ ಒಬ್ಬಳ ಹೆಬ್ಬೆರಳಿಗೆ ಯಾವಾಗಲೂ ನೀಲಿ ಬಟ್ಟೆ ಸುತ್ತಿರುತ್ತದೆಯೆ? ಏನೂ ಇಲ್ಲ, ಒಂದು ಕುತೂಹಲ.

ನನ್ನ ಕೆಲಸ ಚೆನ್ನಾಗಿ ನಡೆದಿದೆ. ದಿನವೆಲ್ಲ ನೋಡುವುದು, ನಿರ್ಧಾರ ಕೊಡುವುದು. ಆಫೀಸರ್ ಎಂದರೆ ಅದೇ ತಾನೆ? ಹೆಚ್ಚು ಬರೆಯುವಂತಿಲ್ಲ. ಇಲ್ಲಿ ಸೇರುವಾಗ ಬಾಯಿ ಬಿಡುವುದಿಲ್ಲ ಎಂದು ರುಜು ಹಾಕಿಸಿಕೊಂಡಿದ್ದಾರೆ. ದೊಡ್ಡ ಹುದ್ದೆ ನೋಡು.

ಆ ಮೆಷಿನ್ನನ್ನು ಬಾಯಿಗೆ ಬಂದಂತೆ ಬೈಯಬೇಡ. ಅದರ ಕಷ್ಟ ಅದಕ್ಕೆ. ನಿನ್ನ ಅಮ್ಮನಿಗೆ ಹೇಳು, ಆ ಮನೆಯಲ್ಲಿ ಕಡ್ಡಿ ಎತ್ತಿಡದವರು ಯಾರೆಂದು ಗೋಡೆಗಳಿಗೂ ಗೊತ್ತು.

ಇತಿ, ನಿನ್ನ ಅತ್ತೆ


ಮಾರ್ಚ್ 16, ಭಾನುವಾರ

ಪ್ರೀತಿಯ ಅತ್ತೆಗೆ,

ಹಸಿರು ಬಟ್ಟೆ ಇದೆ. ಸುಟ್ಟ ಗುರುತೂ ಇದೆ. ನೀಲಿ ಬಟ್ಟೆಯ ಹೆಬ್ಬೆರಳು ದೊಡ್ಡಕ್ಕನದು. ಆಫೀಸರುಗಳ ಬಳಿ ಪ್ರಪಂಚದ ಎಲ್ಲ ಕಾರ್ಖಾನೆಗಳ ವಿವರ ಇರುತ್ತದೆಯೆಂದು ಇದರಿಂದ ಸಾಬೀತಾಯಿತು. ಹೊತ್ತಗೆಯಲ್ಲಿ ಇದನ್ನೇ ಹೇಳಿದೆ.

ನಾನು ನಾದಿನಿಯ ಮೇಲೆ ಕಣ್ಣಿಟ್ಟಿದ್ದೇನೆ. ಬೆಳಿಗ್ಗೆ ಚುರುಕಾಗಿರುತ್ತದೆ. ಊಟವಾದ ಮೇಲೆ ಮಂಕಾಗುತ್ತದೆ. ಎರಡೂವರೆ ಹೊತ್ತಿಗೆ ಕರಡಿ ಇಟ್ಟು ಕಾದರೂ ದೀಪವಿಲ್ಲ. ಆಮೇಲೆ ಬೆಚ್ಚಿಬಿದ್ದಂತೆ ಹಸಿರು, ಹಸಿರು, ಹಸಿರು. ನಿನ್ನೆ ಒಂದು ಕರಡಿ ಬೆನ್ನು ಮೇಲೆ ಮಾಡಿ ಮಲಗಿತ್ತು. ಅದಕ್ಕೂ ಹಸಿರು! ಬಿಸಿಲಿನ ಕಾವು ಎಂದು ಸೂಪರ್‌ವೈಸರ್ ತೀರ್ಮಾನಿಸಿ ಅದಕ್ಕೊಂದು ಟೇಬಲ್ ಫ್ಯಾನ್ ತಂದಿಟ್ಟರು. ನಮಗೆ ಇಲ್ಲದ ಫ್ಯಾನ್, ಅತ್ತೆ! ಅದು ಬಂದ ಮೇಲೂ ಮಂಕು ಇಳಿದಿಲ್ಲ. ಸೂಪರ್‌ವೈಸರ್ ಈಗ ಎರಡನೆಯ ಫ್ಯಾನಿಗೆ ಅರ್ಜಿ ಹಾಕಿದ್ದಾರೆ.

ಇಷ್ಟು ಸಾಲದೆಂದು ಅದಕ್ಕೆ ನನ್ನ ಮೇಲೆ ವೈಯಕ್ತಿಕ ದ್ವೇಷವೂ ಇದೆ. ಬೇರೆಯವರ ಸೊಟ್ಟ ಬಾಯಿಯ ಕರಡಿಗಳು ಪಾಸು. ನನ್ನವು ಬಂದರೆ ಕೆಂಪು. ಒಂದೇ ಕರಡಿಯನ್ನು ಮೂರು ಸಲ ಬಿಚ್ಚಿ ಹೊಲಿದೆ, ಮೂರು ಸಲವೂ ಕೆಂಪು. ಅದು ಕುರುಡು, ಸೋಮಾರಿ, ಮಾಲೀಕರ ಚಮಚಾ. ನಾನು ಸಂಘಟನೆ ಮಾಡುತ್ತಿರುವುದು ಅದಕ್ಕೆ ವಾಸನೆ ಹೊಡೆದಿದೆ. ಸದ್ಯ ಸಂಘಟನೆಯಲ್ಲಿ ನಾನೊಬ್ಬಳೇ ಇದ್ದೇನೆ.

ಇತಿ, ನಿನ್ನ ಅಣ್ಣನ ಮಗಳು


ಮಾರ್ಚ್ 23, ಭಾನುವಾರ

ಮೆಣಸಿನಕಾಯಿ,

ಕುರುಡು ಅಂದೆ, ಸರಿ. ಸೋಮಾರಿ ಅಂದೆ, ಹೋಗಲಿ. ಚಮಚಾ ಅಂದೆಯಲ್ಲ! ಆ ಮಾತಿಗೆ ಎರಡು ಹೊತ್ತು ನನಗೆ ಊಟ ಸೇರಲಿಲ್ಲ. ಮೆಷಿನ್ನಿನ ಪರವಾಗಿ ಹೇಳುತ್ತಿದ್ದೇನೆ.

ಒಂದು ಗಳಿಗೆ ಯೋಚಿಸು. ಬೆಳಿಗ್ಗೆಯಿಂದ ಸಂಜೆಯವರೆಗೆ ಕರಡಿ ಬಿಟ್ಟು ಕರಡಿ ನೋಡುತ್ತಾ ಕೂತರೆ ಯಾರಿಗೆ ತಾನೆ ತೂಕಡಿಕೆ ಬರುವುದಿಲ್ಲ? ಫ್ಯಾನ್ ಇಟ್ಟರೆ ಅದಕ್ಕೇನು ಬಂತು? ಗಾಳಿ ಅದಕ್ಕೆ ತಲುಪಬೇಕಲ್ಲ!

ನಿನ್ನ ಕರಡಿಗಳ ವಿಷಯ. ನೀನು ಬಾಯಿಯ ಕೊನೆಯ ಹೊಲಿಗೆಯನ್ನು ಎಡಕ್ಕೆ ಜಗ್ಗುತ್ತೀಯ, ಕರಡಿ ಯಾರನ್ನೋ ಅಣಕಿಸಿದಂತೆ ಕಾಣುತ್ತದೆ. ನನ್ನ ತೊಡೆಯ ಮೇಲೆ ಕೂರಿಸಿಕೊಂಡು ಸೂಜಿ ಹಿಡಿಯಲು ಕಲಿಸಿದಾಗಲೂ ನಿನ್ನದು ಅದೇ ಚಾಳಿ. ಬೇರೆಯವರದಾದರೆ ಬಿಟ್ಟುಬಿಡಬಹುದು, ಮನೆಯ ಹುಡುಗಿಯ ಕೈ ಎಂದು ಗುರುತು ಸಿಕ್ಕ ಮೇಲೆ ಹೇಗೆ ಬಿಡುವುದು? ಹಾಗೆಂದು ನನ್ನ ಊಹೆ. ನಾನೇನು ಕಂಡಿದ್ದೇನೆಯೆ?

ಸಂಘಟನೆಗೆ ಶುಭವಾಗಲಿ. ಮಧ್ಯಾಹ್ನ ಮಾತ್ರ ಏನೂ ಕಿತಾಪತಿ ಮಾಡಬೇಡ.

ಇತಿ, ನಿನ್ನ ಅತ್ತೆ


ಮಾರ್ಚ್ 29, ಶನಿವಾರ

ಪ್ರೀತಿಯ ಅತ್ತೆಗೆ,

ನಿನ್ನ ಪತ್ರದಲ್ಲಿ ವರ್ಗಪ್ರಜ್ಞೆ ಕಡಿಮೆ, ಹೊಲಿಗೆಯ ಪಾಠ ಹೆಚ್ಚು. ಆಫೀಸರ್ ಆದ ಮೇಲೆ ಮನುಷ್ಯರು ಯಂತ್ರಗಳ ಕಡೆ ವಾಲುತ್ತಾರೆಂದು ಓದಿದ್ದೆ, ಈಗ ಕಂಡೆ. ಆದರೂ ನೀನು ನನ್ನ ಅತ್ತೆ. 'ಮಧ್ಯಾಹ್ನ ಬೇಡ' ಎಂದು ಬರೆದು ಅದರ ದೌರ್ಬಲ್ಯವನ್ನು ಗುಟ್ಟಾಗಿ ತಿಳಿಸಿದ್ದೀಯ. ಅರ್ಥವಾಯಿತು.

ಏಪ್ರಿಲ್ ಏಳು, ಸೋಮವಾರ, ಬಯರ್ ಬರುತ್ತಾರೆ. ನಾನು ಮೂರು ಕಣ್ಣಿನ ಕರಡಿಯನ್ನು ಹೊಲಿಯುತ್ತೇನೆ. ಮೂರನೆಯದು ಹಣೆಯ ನಟ್ಟನಡುವೆ. ಎರಡೂವರೆ ಹೊತ್ತಿಗೆ ಅದನ್ನು ಸಾಲಿನಲ್ಲಿ ಸೇರಿಸುತ್ತೇನೆ. ನಾದಿನಿ ತೂಕಡಿಸಿ ಹಸಿರು ತೋರಿಸುತ್ತದೆ. ನಾನು ಕರಡಿಯನ್ನು ಎತ್ತಿ ಹಿಡಿದು, "ಇದೇನಾ ನಿಮ್ಮ ಬುದ್ಧಿ?" ಎಂದು ಕೇಳುತ್ತೇನೆ. ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೇನೆ.

ಇದು ತಮಾಷೆಯಲ್ಲ ಅತ್ತೆ. ದೊಡ್ಡಕ್ಕನ ಗಂಡ ಹಾಸಿಗೆ ಬಿಟ್ಟು ಏಳುವುದಿಲ್ಲ, ಮನೆ ನಡೆಯುವುದು ಅವಳ ಬೆರಳಿನಿಂದ. "ಎಳೆದು ನೋಡೋದು ಬಿಟ್ರೆ ನಂಗೆ ಇನ್ನೇನು ಬರುತ್ತೆ ಹೇಳು?" ಎಂದು ನಿನ್ನೆ ಕೇಳಿದಳು. ಹೊತ್ತಗೆಯಲ್ಲಿ ಹುಡುಕಿದೆ. ಇಲ್ಲ.

ಈ ಯೋಜನೆ ದೊಡ್ಡಕ್ಕನಿಗೂ ಗೊತ್ತಿಲ್ಲ. ನಿನಗೊಬ್ಬಳಿಗೇ.

ಇತಿ, ನಿನ್ನ ಅಣ್ಣನ ಮಗಳು


ಏಪ್ರಿಲ್ 4, ಶುಕ್ರವಾರ

ಮೆಣಸಿನಕಾಯಿ,

ಬೇಡ. ಸೋಮವಾರ ಬೇಡ. ಯಾಕೆ ಎಂದು ಕೇಳಬೇಡ, ಹೇಳುವಂತಿಲ್ಲ. ಮಾಡಲೇಬೇಕಿದ್ದರೆ ಮಂಗಳವಾರ ಮಾಡು. ಮಂಗಳವಾರ ನನಗೆ ರಜ.

ಅತ್ತೆ


ಏಪ್ರಿಲ್ 7, ಸೋಮವಾರ

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ನಾವು ಸೋತೆವು.

ಎರಡೂವರೆ ಹೊತ್ತು. ಬಯರ್ ಕಮಾನಿನ ಪಕ್ಕ ನಿಂತಿದ್ದರು, ಮಾಲೀಕರು ಅವರ ಪಕ್ಕ, ಸೂಪರ್‌ವೈಸರ್ ಎರಡೂ ಫ್ಯಾನುಗಳ ಪಕ್ಕ. ನನ್ನ ಕರಡಿ ಕೆಳಗೆ ಬಂತು. ದೀಪವಿಲ್ಲ. ನಾನು ಎತ್ತಿ ಹಿಡಿಯಲು ಕೈ ಚಾಚಿದೆ. ಹಸಿರು ದೀಪ ಒಂದು ಸಲ ಮಿಣುಕಿದಂತಾಯಿತು. ಮರುಗಳಿಗೆಯಲ್ಲೇ ಕೆಂಪು. ಒಂದು ಸಲವಲ್ಲ, ಮತ್ತೆ ಮತ್ತೆ ಕೆಂಪು, ಯಾರೋ ತಲೆಗೆ ಮೊಟಕಿದ ಹಾಗೆ. ಬಯರ್ ಚಪ್ಪಾಳೆ ತಟ್ಟಿದರು. ಮಾಲೀಕರು ಕ್ಯಾಮೆರಾದ ಬೆನ್ನು ಸವರಿದರು. "ಏನು ಸೂಕ್ಷ್ಮ! ಏನು ಸೂಕ್ಷ್ಮ!" ಮೇ ಎರಡು, ಶುಕ್ರವಾರ, ಬೆಳಿಗ್ಗೆ ಹನ್ನೊಂದಕ್ಕೆ ಬಯರ್ ಮತ್ತೆ ಬಂದು ಇದೇ ಟೇಬಲ್ಲಿನ ಮೇಲೆ ಒಪ್ಪಂದಕ್ಕೆ ರುಜು ಹಾಕುತ್ತಾರೆ. ಆ ಸಂಜೆ ಹನ್ನೊಂದು ಜನರೂ ಮನೆಗೆ.

ಎಲ್ಲರೂ ಹೋದ ಮೇಲೆ ದೊಡ್ಡಕ್ಕ ಆ ಕರಡಿಯನ್ನು ಕೈಗೆತ್ತಿಕೊಂಡಳು. ಅಭ್ಯಾಸಬಲದಿಂದ ಮೂರನೆಯ ಕಣ್ಣನ್ನು ಎಳೆದಳು. ಅದು ಅವಳ ಅಂಗೈಗೆ ಬಂತು. ನನ್ನ ಮುಖ ನೋಡಿದಳು.

ಈ ಗುಟ್ಟು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ನಾನು. ನಾನು ಯಾರಿಗೂ ಹೇಳಿಲ್ಲ. ಮುಂದಿನ ಲೆಕ್ಕ ತಾವೇ ಮಾಡಿಕೊಳ್ಳಿ.

ತಮ್ಮ ವಿಶ್ವಾಸವಿಲ್ಲದ,
ತಮ್ಮ ಅಣ್ಣನ ಮಗಳು


ಏಪ್ರಿಲ್ 9, ಬುಧವಾರ

ಮಾನ್ಯರೇ,

ತಾವು ನಾಲ್ಕನೆಯ ತಾರೀಖು ಬರೆದ ಪತ್ರ ಇಂದು ಕೈಸೇರಿತು. 'ಸೋಮವಾರ ಬೇಡ.' ಅಂದರೆ ಸೋಮವಾರ ಹಿಡಿದುಹಾಕುತ್ತಾರೆಂದು ತಮಗೆ ಮೊದಲೇ ತಿಳಿದಿತ್ತು! ಇನ್ನು ತಮ್ಮ ಮಂಗಳವಾರದ ರಜಕ್ಕೂ ನನ್ನ ಕರಡಿಗೂ ಏನು ಸಂಬಂಧ? ನಾನು ದಡ್ಡಿಯಲ್ಲ. ತಾವು ಕಂಪ್ಯೂಟರ್ ಆಫೀಸರ್ ಅಲ್ಲ. ತಾವು ಮಾಲೀಕರ ಬೇಹುಗಾರ್ತಿ.

ಅಮ್ಮನಿಗೆ ಹೇಳಿದೆ. "ಏ, ಅವಳ ಬಾಯಲ್ಲಿ ಒಂದು ಗುಟ್ಟು ಸಂಜೆತನಕ ನಿಲ್ಲಲ್ಲ, ಅವಳೆಲ್ಲಿ ಬೇಹುಗಾರಿಕೆ ಮಾಡ್ತಾಳೆ?" ಎಂದು ತಮ್ಮ ಪರವಾಗಿ ವಾದಿಸಿದಳು. ನಾನು ಒಪ್ಪಲಿಲ್ಲ.


ಏಪ್ರಿಲ್ 14, ಸೋಮವಾರ

ಮೆಣಸಿನಕಾಯಿ,

'ಮಾನ್ಯರೇ' ಎಂಬುದನ್ನು ಓದಿ ಮೊದಲು ನಕ್ಕೆ, ಆಮೇಲೆ ಅತ್ತೆ. ರುಜು ಹಾಕಿದ್ದು ಹಾಳಾಗಿ ಹೋಗಲಿ. ಕೇಳು.

ನಿಮ್ಮ ನಾದಿನಿ ನಾನೇ.

ಇಲ್ಲೊಂದು ಉದ್ದನೆಯ ಕೋಣೆ. ಪರದೆಗಳ ಮುಂದೆ ನಲವತ್ತು ಹೆಂಗಸರು. ಒಂದು ಸಾಲಿಗೆ ಬಿಸ್ಕತ್ತು, ಒಂದು ಸಾಲಿಗೆ ಟಯರು, ನನಗೆ ಗೊಂಬೆ, ಹೊಲಿಗೆ ಬರುತ್ತದಲ್ಲ ಅದಕ್ಕೆ. ನಿಮ್ಮ ಕ್ಯಾಮೆರಾ ತೆಗೆದ ಚಿತ್ರ ನನ್ನ ಪರದೆಗೆ ಬರುತ್ತದೆ. ನಾನು ಗುಂಡಿ ಒತ್ತಿದರೆ ಅಲ್ಲಿ ದೀಪ ಹತ್ತುತ್ತದೆ. 'ಬುದ್ಧಿ ಇದೆ, ಸಂಬಳ ಇಲ್ಲ' ಎಂದರಲ್ಲ ನಿಮ್ಮ ಮಾಲೀಕರು? ಸಂಬಳ ಇದೆ, ಹೇಳಿಕೊಳ್ಳುವಂಥದ್ದಲ್ಲ, ಅಷ್ಟೆ. ಆಫೀಸರ್ ಎಂದು ಊರಿಗೆಲ್ಲ ಹೇಳಿಕೊಂಡೆ. ಮೆಷಿನ್ ಆಗಿದ್ದೇನೆ ಎಂದು ಯಾವ ಬಾಯಿಂದ ಹೇಳಲಿ?

ನಿನ್ನ ಮೊದಲ ಪತ್ರಕ್ಕೇ ನನಗೆ ಅನುಮಾನ ಬಂದಿತ್ತು, ಹಸಿರು ಬಟ್ಟೆ ಎಂದು ನೀನು ಒಪ್ಪಿಕೊಂಡ ದಿನ ಗಟ್ಟಿಯಾಯಿತು. ಅನುಮಾನ ಬಂದಾಗಿನಿಂದಲೇ ನಿನ್ನ ಕರಡಿ ಬಂದಾಗಲೆಲ್ಲ ನೀನೇ ಎದುರಿಗೆ ಬಂದು ಕೂತಂತೆ. ಅದಕ್ಕೇ ಕೆಂಪು ಒತ್ತುತ್ತಿದ್ದೆ. ಬಿಚ್ಚಿ ಹೊಲಿದು ಮತ್ತೆ ಕಳಿಸುತ್ತೀಯಲ್ಲ, ಇನ್ನೊಂದು ಸಲ ನೋಡಬಹುದು ಎಂದು.

ಸೋಮವಾರದ ಮಾತು. ಹಸಿರು ಒತ್ತಬೇಕೆಂದು ನಾನು ತೀರ್ಮಾನ ಮಾಡಿದ್ದೆ. ನಮ್ಮ ಕೋಣೆಯ ಕೆಲಸ ಹೋದರೂ ಹೋಗಲಿ, ಹುಡುಗಿ ಗೆಲ್ಲಲಿ ಎಂದು. ನಿದ್ದೆ ಬರದಿರಲೆಂದು ಆ ಮಧ್ಯಾಹ್ನ ಊಟವನ್ನೇ ಬಿಟ್ಟಿದ್ದೆ. ಕರಡಿ ಬಂತು. ಮೂರು ಕಣ್ಣು ನೋಡಿ ನಗು ತಡೆಯಲಾಗಲಿಲ್ಲ. ಹಸಿರು ಒತ್ತಿದೆ. ಒತ್ತಿದ ಮೇಲೆ ಕಂಡಿತು, ಹಣೆಯ ಕಣ್ಣಿನ ಕೆಳಗೆ ದಾರ ಸಡಿಲವಾಗಿ ನೇತಾಡುತ್ತಿತ್ತು. ಮೂರು ಕಣ್ಣಿದ್ದರೆ ಮಕ್ಕಳಿಗೆ ಖುಷಿಯೇ. ಕಿತ್ತು ಬರುವ ಕಣ್ಣನ್ನು ಮಾತ್ರ ಅವು ಬಾಯಿಗೆ ಹಾಕಿಕೊಳ್ಳುತ್ತವೆ. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಕೆಂಪು, ಕೆಂಪು, ಕೆಂಪು. ಹೌದು, ಅದು ನಿನ್ನ ತಲೆಗೆ ಮೊಟಕಿದ್ದೇ.

ನನಗೆ ಕಾಣುವುದು ಮೇಲಿನ ದಾರ ಮಾತ್ರ. ಎಳೆದು ನೋಡಲಾರೆ. ದೊಡ್ಡಕ್ಕನ ಬೆರಳು ಆ ಟೇಬಲ್ಲಿನಿಂದ ಹೋದರೆ, ನಾನು ಹಸಿರು ಒತ್ತಿದ ಕಣ್ಣುಗಳಲ್ಲಿ ಎಷ್ಟು ಗಟ್ಟಿ, ಎಷ್ಟು ಪೊಳ್ಳು, ಯಾರಿಗೂ ಗೊತ್ತಾಗುವುದಿಲ್ಲ. ಮಲಗಿದರೆ ಇದೇ ಯೋಚನೆ.

ಇನ್ನೊಂದು ವಿಷಯ. ನಾವು ಒತ್ತಿದ್ದೆಲ್ಲವನ್ನೂ ನಿಜವಾದ ಮೆಷಿನ್ ಒಂದು ಎಲ್ಲೋ ಕೂತು ಕಲಿಯುತ್ತಿದೆಯಂತೆ. ಕಲಿತ ದಿನ ನಮ್ಮನ್ನೂ ಕಳಿಸುತ್ತಾರಂತೆ. ನಾನು ತೂಕಡಿಸಿದ್ದನ್ನೂ ಕಲಿತಿರುತ್ತದೆ ತಾನೆ? ಮುಂದೆ ಪ್ರಪಂಚದ ಮೆಷಿನ್ನುಗಳೆಲ್ಲ ಎರಡೂವರೆಗೆ ಆಕಳಿಸಿದರೆ ನನ್ನನ್ನು ನೆನೆದುಕೋ.

ಇತಿ, ನಿನ್ನ ಅತ್ತೆ, ಆಫೀಸರ್ ಅಲ್ಲ


ಏಪ್ರಿಲ್ 19, ಶನಿವಾರ

ಅತ್ತೆ, ಅತ್ತೆ, ಅತ್ತೆ!

ನಿನ್ನ ಪತ್ರ ನಿನ್ನೆ ಬಂತು. ನಂಬಲಿಲ್ಲ. ಇವತ್ತು ಊಟದ ಹೊತ್ತಿಗೆ ಯಾರೂ ಇಲ್ಲದಾಗ ರಟ್ಟಿನ ಚೂರಿನ ಮೇಲೆ 'ಅತ್ತೆ?' ಎಂದು ಬರೆದು ಕ್ಯಾಮೆರಾದ ಕೆಳಗೆ ಇಟ್ಟೆ. ಹಸಿರು. 'ಊಟ ಆಯಿತೆ?' ಹಸಿರು. 'ಚಮಚಾ ಅಂದದ್ದಕ್ಕೆ ಕ್ಷಮಿಸಿದೆಯಾ?' ಕೆಂಪು! ನನ್ನ ಜೀವ ಹೋಯಿತು. ಎಷ್ಟೋ ಹೊತ್ತಾದ ಮೇಲೆ ಹಸಿರು. ಆ ಮಧ್ಯದ ಹೊತ್ತು ಬೇಕೆಂದೇ ಕಾಯಿಸಿದೆ ಎಂದು ನನಗೆ ಗೊತ್ತು.

ದೊಡ್ಡಕ್ಕನನ್ನು ಕರೆತಂದು ಹೇಳಿದೆ. ಅವಳು ಕ್ಯಾಮೆರಾಕ್ಕೆ ಮುಖ ಹಚ್ಚಿ, "ಏನೇ ತಾಯಿ, ಎಳೆದು ನೋಡದೆ ಹಸಿರು ಒತ್ತೋಕೆ ಭಯ ಆಗಲ್ವೇನೇ ನಿಂಗೆ?" ಎಂದು ಕಿರುಚಿದಳು. ನಿನಗೆ ಕಿವಿ ಇಲ್ಲವೆಂದು ಹೇಳಿ ಅದನ್ನೇ ಬರೆದು ತೋರಿಸಿದೆ. ಹಸಿರು ಹತ್ತಿತು, ಆರಲೇ ಇಲ್ಲ. ದೊಡ್ಡಕ್ಕ ಕ್ಯಾಮೆರಾದ ಗಾಜನ್ನು ಸೆರಗಿನಿಂದ ಒರೆಸಿದಳು. ಅಷ್ಟರಲ್ಲಿ ಸೂಪರ್‌ವೈಸರ್ ಬಂದು, "ಏನ್ರೀ ಅದು?" ಅಂದರು. "ಧೂಳು ಸಾರ್," ಅಂದಳು. "ನಾದಿನಿ ಮುಖ ಒರೆಸ್ತಿದೀನಿ."

ನಾನು ಹೊತ್ತಗೆಯನ್ನು ಮತ್ತೆ ಓದಿದೆ. ಅದರಲ್ಲಿ ಯಂತ್ರವನ್ನು ಎದುರಿಸುವುದರ ಬಗ್ಗೆ ಇದೆ. ಯಂತ್ರ ನಮ್ಮ ಅತ್ತೆಯೇ ಆಗಿದ್ದರೆ ಏನು ಮಾಡಬೇಕೆಂದು ಇಲ್ಲ. ಕರಡಿಯನ್ನು ಹೊಲಿಯುವುದು ಇಲ್ಲಿ, ಅದರ ನಗುವಿಗೆ ಒಪ್ಪಿಗೆ ಅಲ್ಲಿ, ಅದನ್ನು ಅಪ್ಪಿಕೊಂಡು ಮಲಗುವ ಮಗು ಇನ್ನೆಲ್ಲೋ. ಮೂರು ಜಾಗದವರೂ ಒಬ್ಬರ ಮುಖ ಒಬ್ಬರು ನೋಡಿಲ್ಲ, ಇದರ ಮೇಲೆಯೇ ವ್ಯಾಪಾರ ನಿಂತಿದೆ. ನಾವು ನೋಡಿಬಿಟ್ಟಿದ್ದೇವೆ. ಹರಿದ ಎರಡು ಹಾಳೆಯನ್ನು ಇನ್ನು ನಾವೇ ಬರೆಯಬೇಕು.

ಹನ್ನೊಂದು ಜನವೂ ಒಪ್ಪಿದ್ದಾರೆ, ಹೊಲಿಯುವವರೂ ಒಪ್ಪಿದ್ದಾರೆ. ನಮ್ಮ ಬೇಡಿಕೆ ಒಂದೇ. ಕೈಯೂ ಇರಬೇಕು, ಕಣ್ಣೂ ಇರಬೇಕು. ಎಳೆದು ನೋಡದ ಕರಡಿ ಪೆಟ್ಟಿಗೆಗೆ ಹೋಗಕೂಡದು. ಮೇ ಒಂದು, ಕಾರ್ಮಿಕರ ದಿನ! ಆ ದಿನವೇ ಎರಡೂ ಕಡೆ ಕೆಲಸ ನಿಲ್ಲಿಸೋಣ. ನಿನ್ನ ಕೋಣೆಯವರನ್ನು ಕೇಳು.

ಬೇಹುಗಾರ್ತಿ ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅಮ್ಮ, "ನಾನು ಹೇಳ್ಲಿಲ್ವಾ, ಆ ಮೆಷಿನ್ನು ನನ್ನ ನಾದಿನಿ ಥರಾನೇ ಅಂತ?" ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬರಲು ಸೆರಗು ಬಿಗಿದಿದ್ದಳು. ಕಷ್ಟಪಟ್ಟು ತಡೆದಿದ್ದೇನೆ. ಬೇಗ ಬರೆ.

ಇತಿ, ನಿನ್ನ ಮೆಣಸಿನಕಾಯಿ


ಏಪ್ರಿಲ್ 24, ಗುರುವಾರ

ನನ್ನ ಮೆಣಸಿನಕಾಯಿಗೆ,

ಮೇ ಒಂದು ನಿಮಗೂ ರಜ, ನಮಗೂ ರಜ. ರಜದ ದಿನ ಕೆಲಸ ನಿಲ್ಲಿಸಿದರೆ ಯಾರಿಗೆ ಗೊತ್ತಾಗುತ್ತದೆ, ಹುಚ್ಚಿ? ಹೊತ್ತಗೆ ಓದಿದವರೆಲ್ಲ ಕ್ಯಾಲೆಂಡರನ್ನೂ ಒಂದು ಸಲ ನೋಡಬೇಕು. ಮಾರನೆಯ ದಿನ ಬಯರ್ ರುಜು ಹಾಕಲು ಬರುತ್ತಾರಲ್ಲ, ಅದೇ ಸರಿ.

ಕೋಣೆಯವರಿಗೆ ಕೈತೊಳೆಯುವ ಜಾಗದಲ್ಲಿ ಹೇಳಿದೆ. ಮೊದಲು ಎಲ್ಲರೂ ಹೆದರಿದರು. "ಕೆಲಸ ಹೋದರೆ?" ಅಂದಳು ಬಿಸ್ಕತ್ತಿನವಳು. "ಅದು ಕಲಿತ ದಿನ ಹೋಗೇ ಹೋಗುತ್ತಲ್ಲ," ಅಂದಳು ಟಯರಿನವಳು. "ನಮ್ಮನ್ನ ಮೆಷಿನ್ ಅಂತ ಕರೀತಾರಾ? ಮೆಷಿನ್ನು ಕೆಡುತ್ತೆ ಕಣ್ರೀ, ಯಾವಾಗ ಬೇಕಾದ್ರೂ ಕೆಡುತ್ತೆ!" ಆಮೇಲೆ ಎಲ್ಲರೂ ನಕ್ಕರು. ನಗು ಬಂದ ಮೇಲೆ ಹೆದರಿಕೆ ಅರ್ಧವಾಯಿತು. ಪೂರ್ತಿ ಹೋಗಿಲ್ಲ, ನನ್ನದೂ ಹೋಗಿಲ್ಲ. ಆದರೂ ನಲವತ್ತು ಜನ ಹೂಂ ಅಂದಿದ್ದಾರೆ.

ಹೀಗೆ ಮಾಡೋಣ. ಕಮಾನಿನ ಕೆಳಗೆ ಬಯರ್ ಲೇಖನಿ ತೆಗೆದ ಕೂಡಲೇ ಇಲ್ಲಿ ಎಲ್ಲರೂ ತಮ್ಮ ಗುಂಡಿ ಬಿಟ್ಟು ನನ್ನ ಪರದೆಯ ಮುಂದೆ ಸೇರುತ್ತಾರೆ, ನಾನು ಕೆಂಪು ಒತ್ತುತ್ತೇನೆ. ಕರಡಿ ಬಂದರೂ ಕೆಂಪು, ಬಯರ್ ಬಂದರೂ ಕೆಂಪು, ನಿಮ್ಮ ಮಾಲೀಕರ ಮುಖ ಬಂದರೂ ಕೆಂಪು. ಇನ್ನೆರಡು ಫ್ಯಾನ್ ತಂದಿಟ್ಟರೂ ಕೆಂಪೇ. ಮೆಷಿನ್ನಿನ ಹತ್ತಿರ ಮಾತಾಡಲು ನಿನಗೆ ಬರುತ್ತದೆಂದು ಹೇಳಿ ನೀನು ಮುಂದೆ ಬಾ. ಬೇಡಿಕೆಯನ್ನು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಹಿಡಿ. ಎಲ್ಲರ ಕಣ್ಣ ಮುಂದೆ ಅದಕ್ಕೆ ಹಸಿರು ಬೀಳುತ್ತದೆ. ಅಷ್ಟು ಹೊತ್ತು ಹೊಗಳಿದ ಬುದ್ಧಿಯೇ ಹೇಳಿದ ಮೇಲೆ ಅವರು ಯಾವ ಮುಖದಿಂದ ಇಲ್ಲ ಅಂತಾರೆ? ಅಂದರೆ ಅನ್ನಲಿ. ಆಗ ನಾವು ಯಾರೆಂದು ಇನ್ನೊಂದು ರಟ್ಟಿನಲ್ಲಿ ಬರೆದು ಬಯರ್‌ಗೆ ತೋರಿಸು. ಅದನ್ನು ಮೊದಲೇ ಬರೆದಿಟ್ಟುಕೋ.

ದೊಡ್ಡಕ್ಕನನ್ನು ನನಗೆ ಕಾಣುವ ಹಾಗೆ ನಿಲ್ಲಿಸು, ಬರೀ ಹೆಬ್ಬೆರಳು ನೋಡಿ ಸಾಕಾಗಿದೆ. ನಿನ್ನ ಅಮ್ಮನನ್ನೂ ಕರೆದುಕೊಂಡು ಬಾ. ಅವಳ ಮುಖ ಕಂಡ ಕೂಡಲೇ ಒಂದು ಕೆಂಪು ಒತ್ತುವುದಿದೆ, ಬಹಳ ವರ್ಷದ ಬಾಕಿ. ಮೂರು ಕಣ್ಣಿನ ಕರಡಿಯನ್ನೂ ತಾ. ಹಣೆಯ ಕಣ್ಣನ್ನು ಈ ಸಲ ಗಟ್ಟಿಯಾಗಿ ಹೊಲಿ, ದೊಡ್ಡಕ್ಕ ಎಳೆದು ನೋಡಲಿ.

ಇತಿ, ನಿನ್ನ ಅತ್ತೆ, ಮೆಷಿನ್

ತಾ.ಕ.: ತಲೆ ಬಾಚಿಕೊಂಡು ಬಾ, ನಲವತ್ತು ಜನ ನೋಡುತ್ತಿರುತ್ತೇವೆ. ಕಮಾನಿನ ಕೆಳಗೆ, ಮೇ ಎರಡು, ಶುಕ್ರವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.